ಕಲ್ಲಂಗಡಿ ಹಾಕುವ ಮೊದಲು ಉಪ್ಪು ನೋಡಿ

ಬೇಸಿಗೆ ಬಂತೆಂದರೆ ಭದ್ರಾವತಿಯಿಂದ ಶಿವಮೊಗ್ಗದವರೆಗೆ ಬಿ.ಎಚ್. ರಸ್ತೆಯ ಬದಿಯಲ್ಲಿ ಕಲ್ಲಂಗಡಿ ರಾಶಿ ಬೀಳುತ್ತದೆ. ಅದನ್ನು ನೋಡಿ ನಮ್ಮ ಬೆದ್ದಲು ಕಡೆಯ ಹುಡುಗರಿಗೂ ಆಸೆ ಹುಟ್ಟುತ್ತದೆ. ಮೆಕ್ಕೆಜೋಳ ಕಿತ್ತ ಹೊಲ ಖಾಲಿ ಬಿದ್ದಿದೆ, ಬೋರಿನಲ್ಲಿ ಒಂದಿಷ್ಟು ನೀರಿದೆ, ಎಪ್ಪತ್ತು ಎಂಬತ್ತು ದಿನದಲ್ಲಿ ದುಡ್ಡು ಬರುತ್ತದೆ ಅನ್ನುವ ಲೆಕ್ಕ. ಲೆಕ್ಕ ತಪ್ಪೇನಲ್ಲ. ಆದರೆ ಬೀಜ, ಡ್ರಿಪ್, ಮಲ್ಚಿಂಗ್ ಶೀಟ್, ಗೊಬ್ಬರ, ಆಳು ಎಂದು ಹಣ ಮೊದಲೇ ಹೋಗುತ್ತದೆ. ಹೊಲದಲ್ಲೋ ನೀರಿನಲ್ಲೋ ಉಪ್ಪು ಇದ್ದರೆ ಅದು ಗೊತ್ತಾಗುವುದು ಹಣವೆಲ್ಲ ಹೋದ ಮೇಲೆ. ಇನ್ನೊಬ್ಬರ ಹೊಲ ಗುತ್ತಿಗೆ ಹಿಡಿದು ಮಾಡುವವರು ಬೆಳೆ ಕೆಟ್ಟರೂ ಬಿಟ್ಟು ಹೋಗಬಹುದು. ಉಪ್ಪು ಮಾತ್ರ ಹೊಲದ ಯಜಮಾನನ ಪಾಲಿಗೆ ಉಳಿಯುತ್ತದೆ. ಹಾಗಾಗಿ ಉಪ್ಪಿನ ವಿಚಾರ ಇಬ್ಬರಿಗೂ ಗೊತ್ತಿರಬೇಕು.

ಚೌಳು ಎಂದರೆ ಏನು

ಮಣ್ಣಿನಲ್ಲಿ ಕರಗುವ ಲವಣಗಳು ಹೆಚ್ಚಾದರೆ ಅದು ಚೌಳು. ಇದರಲ್ಲಿ ಅಡಿಗೆ ಉಪ್ಪೊಂದೇ ಅಲ್ಲ, ಸುಣ್ಣ, ಮೆಗ್ನೀಷಿಯಂ, ಗಂಧಕದ ಲವಣಗಳೂ ಸೇರಿರುತ್ತವೆ. ನೀರು ಆರಿದಾಗ ನೆಲದ ಮೇಲೆ ಬಿಳಿ ಪುಡಿ ಕಾಣುತ್ತದೆ. ಇನ್ನೊಂದು ಜಾತಿ ಕ್ಷಾರ ಮಣ್ಣು. ಇದರಲ್ಲಿ ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿಕೊಂಡಿರುತ್ತದೆ. ಮಳೆ ಬಂದರೆ ಮಣ್ಣು ಅಂಟಂಟಾಗಿ ನೀರು ಇಂಗುವುದಿಲ್ಲ, ಒಣಗಿದರೆ ಕಲ್ಲಿನ ಹಾಗೆ ಗಟ್ಟಿ. ರಸಸಾರ ಎಂಟೂವರೆ ದಾಟಿರುತ್ತದೆ. ಇವೆರಡಕ್ಕೂ ಮದ್ದು ಬೇರೆ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ಉಪ್ಪು ಬೇರಿಗೆ ಏನು ಮಾಡುತ್ತದೆ ಅನ್ನುವುದನ್ನು ಅಡಿಗೆ ಮನೆಯಲ್ಲೇ ನೋಡಬಹುದು. ಕೋಸಂಬರಿಗೆ ಸೌತೆಕಾಯಿ ಹೆಚ್ಚಿ ಉಪ್ಪು ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಪಾತ್ರೆಯ ತುಂಬ ನೀರು ಬಿಡುತ್ತದೆ. ಉಪ್ಪು ಹೋಳಿನೊಳಗಿನ ನೀರನ್ನು ಹೊರಗೆ ಎಳೆದಿರುತ್ತದೆ. ಹೊಲದಲ್ಲೂ ಹಾಗೆಯೇ. ಮಣ್ಣಿನ ನೀರಿನಲ್ಲಿ ಉಪ್ಪು ಜಾಸ್ತಿ ಆದಷ್ಟೂ ಬೇರಿಗೆ ಆ ನೀರನ್ನು ಎಳೆದುಕೊಳ್ಳುವುದು ಕಷ್ಟ. ಮಣ್ಣು ಹಸಿಯಾಗಿರುತ್ತದೆ, ಬಳ್ಳಿ ಮಾತ್ರ ಬಾಯಾರಿರುತ್ತದೆ. ನಾವು ಬಾಡಿತೆಂದು ಮತ್ತೆ ಅದೇ ಬೋರಿನ ನೀರು ಬಿಡುತ್ತೇವೆ, ಉಪ್ಪು ಇನ್ನಷ್ಟು ಸೇರುತ್ತದೆ.

ಉಪ್ಪು ಎಲ್ಲಿಂದ ಬರುತ್ತದೆ

ನಮ್ಮ ಜಿಲ್ಲೆ ವಿಚಿತ್ರ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮಳೆ ಉಪ್ಪನ್ನೆಲ್ಲ ತೊಳೆದು ಮಣ್ಣು ಹುಳಿ ಆಗಿದೆ, ಅಲ್ಲಿ ಸುಣ್ಣ ಹಾಕಬೇಕು. ಪೂರ್ವಕ್ಕೆ ಬಂದ ಹಾಗೆ ಮಳೆ ಕಡಿಮೆ, ತಗ್ಗಿನಲ್ಲಿ ಕರಿಮಣ್ಣು, ಅಲ್ಲಲ್ಲಿ ಚೌಳು. ಮಲೆನಾಡಿನ ನೆಂಟರು ಸುಣ್ಣ ಹಾಕಿ ಗೆದ್ದರು ಅಂತ ನಾವು ಚೌಳಿಗೆ ಸುಣ್ಣ ಹಾಕಿದರೆ ಏನೂ ಉಪಯೋಗವಿಲ್ಲ.

ಭದ್ರಾ ನೀರು ಘಟ್ಟದಿಂದ ಬರುವ ಸಿಹಿ ನೀರು, ಅದರಲ್ಲಿ ಉಪ್ಪು ಬಹಳ ಕಡಿಮೆ. ಹಾಗಾದರೆ ಅಚ್ಚುಕಟ್ಟಿನಲ್ಲಿ ಚೌಳು ಯಾಕೆ? ಇದಕ್ಕೆ ಉತ್ತರ ಬೇಕಾದರೆ ನೀರು ಹೋದ ದಾರಿಯಲ್ಲೇ ಹೋಗಬೇಕು. ನಮ್ಮ ಕೂಡ್ಲಿಯಲ್ಲಿ ತುಂಗೆ ಭದ್ರೆ ಸೇರಿ ತುಂಗಭದ್ರೆ ಆಗುತ್ತಾಳೆ. ಮುಂದೆ ಹೊಸಪೇಟೆ ಹತ್ತಿರ 1953ರಲ್ಲಿ ಮುಗಿದ ಅಣೆಕಟ್ಟು. ಅಲ್ಲಿಂದ ಆ ನೀರು ಗಂಗಾವತಿ, ಸಿಂಧನೂರು ಕಡೆಯ ಕರಿಮಣ್ಣಿಗೆ ಹರಿಯಿತು. ಹಗುರ ನೀರಿನ ಬೆಳೆ ಬೆಳೆಯಬೇಕಾದಲ್ಲಿ ಭತ್ತ ಬೆಳೆದರು. ಹೆಚ್ಚಿದ ನೀರು ಬಸಿದು ಹೋಗುವ ಕಾಲುವೆ ಇರಲಿಲ್ಲ. ನೆಲದಡಿಯ ನೀರು ಮೇಲೆ ಮೇಲೆ ಬಂತು, ಕರಿಮಣ್ಣಿನ ಆಳದಲ್ಲಿದ್ದ ಉಪ್ಪನ್ನು ಕರಗಿಸಿಕೊಂಡು ಬಂತು. ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ಉಳಿಯಿತು. ಸಾವಿರಾರು ಎಕರೆ ಸವಳು ಹಿಡಿಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದೇ ಸವಳು ಮಣ್ಣಿನ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. ಅಂದರೆ ಸಿಹಿ ನೀರೇ ಆದರೂ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಮಣ್ಣು ಉಪ್ಪಾಗುತ್ತದೆ. ಹಿಂದಿನ ಕಾಲದಲ್ಲಿ ಇರಾಕ್ ದೇಶದ ಟೈಗ್ರಿಸ್, ಯೂಫ್ರೆಟಿಸ್ ನದಿ ಬಯಲಿನಲ್ಲಿ ಆದದ್ದೂ ಇದೇ. ಅಲ್ಲಿ ಗೋಧಿ ಬೆಳೆಯಲಾಗದೆ ಬಾರ್ಲಿಗೆ ಇಳಿದರಂತೆ.

ನಮ್ಮಲ್ಲಿ ಉಪ್ಪು ಬರುವುದು ಮೂರು ದಾರಿಯಲ್ಲಿ:

1. ಚಾನಲ್ ಕೆಳಗಿನ ತಗ್ಗು ಹೊಲ. ಮೇಲಿನ ಗದ್ದೆಯ ಬಸಿ ನೀರು ಬಂದು ನಿಂತು ಆರುತ್ತದೆ.

2. ಆಳದ ಬೋರು. ಬಂಡೆಯ ಸಂದಿಯಲ್ಲಿ ಬಹಳ ಕಾಲ ಕುಳಿತ ನೀರು ಕಲ್ಲಿನ ಲವಣ ಕರಗಿಸಿಕೊಂಡಿರುತ್ತದೆ. ಬೆದ್ದಲಿನವರಿಗೆ ಮುಖ್ಯ ಭಯ ಇದೇ.

3. ನಾವೇ ಹಾಕುವ ಗೊಬ್ಬರ. ರಸಗೊಬ್ಬರವೂ ಒಂದು ಲವಣ. ಹಸಿ ಕೋಳಿಗೊಬ್ಬರದಲ್ಲೂ ಉಪ್ಪು ಸಾಕಷ್ಟಿದೆ.

ಒಂದು ಲೆಕ್ಕ

ನೀರಿನ ಉಪ್ಪನ್ನು 'ಇ.ಸಿ.' ಅನ್ನುವ ಅಂಕಿಯಲ್ಲಿ ಅಳೆಯುತ್ತಾರೆ. ಇ.ಸಿ. ಒಂದು ಇದ್ದರೆ ಒಂದು ಲೀಟರಿನಲ್ಲಿ ಸುಮಾರು 640 ಮಿಲಿಗ್ರಾಂ ಲವಣ. ನಿಮ್ಮ ಬೋರಿನ ಇ.ಸಿ. ಒಂದೂವರೆ ಅಂತ ಇಟ್ಟುಕೊಳ್ಳಿ. ಲೀಟರಿಗೆ 960 ಮಿಲಿಗ್ರಾಂ, ಅಂದರೆ ಹತ್ತಿರ ಹತ್ತಿರ ಒಂದು ಗ್ರಾಂ. ಬಾಯಿಗೆ ಹಾಕಿದರೆ ಅಷ್ಟೇನೂ ಉಪ್ಪು ಅನಿಸುವುದಿಲ್ಲ.

ಒಂದು ಎಕರೆಯ ತುಂಬ ಒಂದು ಅಂಗುಲ ನೀರು ನಿಲ್ಲಿಸಲು ಸುಮಾರು ಒಂದು ಲಕ್ಷ ಲೀಟರ್ ಬೇಕು. ಅದರ ಜೊತೆ ಹೊಲಕ್ಕೆ ಬರುವ ಲವಣ ಹತ್ತಿರ ಒಂದು ಕ್ವಿಂಟಾಲ್. ಬೆಳೆ ಮುಗಿಯುವುದರೊಳಗೆ ಹತ್ತು ಅಂಗುಲ ನೀರು ಕೊಟ್ಟೆವು ಅಂದರೆ ಹತ್ತು ಕ್ವಿಂಟಾಲ್, ಅಂದರೆ ಐವತ್ತು ಕೆಜಿಯ ಇಪ್ಪತ್ತು ಚೀಲ. ಯಾರಾದರೂ ಟ್ರ್ಯಾಕ್ಟರಿನಲ್ಲಿ ಇಪ್ಪತ್ತು ಚೀಲ ತಂದು ಹೊಲಕ್ಕೆ ಸುರಿದರೆ ನಾವು ಜಗಳಕ್ಕೆ ನಿಲ್ಲುತ್ತೇವೆ. ಪೈಪಿನಲ್ಲಿ ಬಂದರೆ ಗಮನಿಸುವುದೇ ಇಲ್ಲ. ಇದರಲ್ಲಿ ಒಂದಿಷ್ಟು ಸುಣ್ಣವಾಗಿ ಗಟ್ಟಿಯಾಗಿ ತೊಂದರೆ ಕೊಡದೆ ಉಳಿಯಬಹುದು, ಒಂದಿಷ್ಟನ್ನು ಮಳೆ ತೊಳೆಯಬಹುದು. ಮಿಕ್ಕಿದ್ದು ಬೇರಿನ ಸುತ್ತ ಕೂರುತ್ತದೆ.

ಬಳ್ಳಿಯಲ್ಲಿ ಕಾಣುವ ಲಕ್ಷಣ

ಮೊಳಕೆ: ಬೀಜ ಒಂದೇ ಸಮ ಹುಟ್ಟುವುದಿಲ್ಲ. ಒಂದು ಕಡೆ ಹುಟ್ಟಿರುತ್ತದೆ, ಪಕ್ಕದ ಹತ್ತು ಗುಣಿ ಖಾಲಿ. ಬೀಜ ಸರಿ ಇಲ್ಲ ಅಂತ ಅಂಗಡಿಯವರ ಮೇಲೆ ಸಿಟ್ಟು ಮಾಡುವ ಮೊದಲು ಖಾಲಿ ಗುಣಿಗಳು ತಗ್ಗಿನಲ್ಲೇ ಇವೆಯಾ ನೋಡಿ.

ಬಳ್ಳಿ ಹಬ್ಬುವಾಗ: ಗೆಣ್ಣು ಹತ್ತಿರ ಹತ್ತಿರ, ಎಲೆ ಸಣ್ಣದು, ಬಣ್ಣ ಕಡು ಹಸಿರು. ಮಧ್ಯಾಹ್ನ ಬಾಡಿ ಸಂಜೆಗೆ ಏಳುತ್ತದೆ. ಆಮೇಲೆ ಬುಡದ ಹಳೆ ಎಲೆಗಳ ಅಂಚು ಸುಟ್ಟ ಹಾಗೆ ಒಣಗುತ್ತದೆ.

ಕಾಯಿ ಹಿಡಿದಾಗ: ಕಾಯಿ ಕಡಿಮೆ, ಗಾತ್ರ ಸಣ್ಣದು. ಬೇರಿಗೆ ಕ್ಯಾಲ್ಸಿಯಂ ಎಳೆಯಲಾಗದೆ ಕಲ್ಲಂಗಡಿಯ ಹೂವಿನ ತುದಿ ಕಪ್ಪಾಗಿ ಕೊಳೆಯುತ್ತದೆ. ಸ್ವಲ್ಪ ಉಪ್ಪಿದ್ದರೆ ಹಣ್ಣು ಸಿಹಿ ಜಾಸ್ತಿ ಅನ್ನುವುದುಂಟು. ಅದು ಸುಳ್ಳಲ್ಲ, ನೀರು ಕಡಿಮೆ ಸೇರಿ ರಸ ಗಟ್ಟಿಯಾಗುತ್ತದೆ. ಆದರೆ ವ್ಯಾಪಾರಿ ಕೊಳ್ಳುವುದು ತೂಕದಲ್ಲಿ. ಸಿಹಿಗೆ ಬೇರೆ ರೇಟು ಕೊಡುವವರು ಅಪರೂಪ.

ರೋಗಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯಬೇಕು, ಇಲ್ಲಾಂದ್ರೆ ಔಷಧಿ ಅಂಗಡಿಗೆ ದುಡ್ಡು ಸುರಿಯುತ್ತೇವೆ. ನಂಜು ರೋಗ ಚಿಗುರಿನಲ್ಲಿ ಮೊದಲು ಕಾಣುತ್ತದೆ, ಎಲೆ ಮುದುರುತ್ತದೆ. ಸೊರಗು ರೋಗದಲ್ಲಿ ಬುಡ ಸೀಳಿ ನೋಡಿದರೆ ಒಳಗೆ ಕಂದು ಗೆರೆ ಇರುತ್ತದೆ. ಉಪ್ಪಿನ ಪೆಟ್ಟು ಹಳೆ ಎಲೆಯ ಅಂಚಿನಲ್ಲಿ ಮೊದಲು. ಬುಡ ಸೀಳಿದರೆ ಬಿಳಿಯಾಗೇ ಇರುತ್ತದೆ. ತಗ್ಗಿನಲ್ಲಿ, ಸಾಲಿನ ಕೊನೆಯಲ್ಲಿ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ.

ಎಷ್ಟು ಉಪ್ಪು ತಡೆಯುತ್ತದೆ

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1976ರಲ್ಲಿ ಒಂದು ಪಟ್ಟಿ ಮಾಡಿ, 1985ರಲ್ಲಿ ತಿದ್ದಿ ಕೊಟ್ಟಿದೆ. ಅದರ ಪ್ರಕಾರ ಕಲ್ಲಂಗಡಿ, ಕರಬೂಜ ಎರಡೂ ಉಪ್ಪಿಗೆ ಸ್ವಲ್ಪ ಸೂಕ್ಷ್ಮ ಅನ್ನುವ ಗುಂಪಿಗೆ ಸೇರಿವೆ. ಅದೇ ಕುಲದ ಸೌತೆಗೆ ಅಂಕಿ ಇದೆ: ಮಣ್ಣಿನ ಇ.ಸಿ. 2.5 ದಾಟಿದರೆ ಇಳುವರಿ ಇಳಿಯತೊಡಗುತ್ತದೆ, ಆಮೇಲೆ ಒಂದೊಂದು ಅಂಕಿಗೆ ನೂರಕ್ಕೆ 13 ಪಾಲು ಕಡಿಮೆ. ಇ.ಸಿ. 4.5 ಆದರೆ ನಾಲ್ಕರಲ್ಲಿ ಒಂದು ಪಾಲು ಬೆಳೆ ಹೋಯಿತು ಅಂತ ಲೆಕ್ಕ. ನಮ್ಮ ಮೆಕ್ಕೆಜೋಳಕ್ಕೆ 1.7ಕ್ಕೇ ಇಳಿಯಲು ಶುರು. ಭತ್ತಕ್ಕೆ 3. ಜೋಳಕ್ಕೆ 6.8, ಹತ್ತಿಗೆ 7.7. ಹಾಗಾಗಿ ಮೆಕ್ಕೆಜೋಳ ಹೊಲದ ಯಾವ ಮೂಲೆಯಲ್ಲಿ ಪ್ರತಿ ವರ್ಷ ಕುಳ್ಳಗೆ ಉಳಿಯುತ್ತದೋ ಆ ಮೂಲೆಯ ಮಣ್ಣನ್ನು ಮೊದಲು ಪರೀಕ್ಷೆ ಮಾಡಿಸಿ.

ನೀರಿಗೆ ಅದೇ ಸಂಸ್ಥೆಯ ಅಳತೆ: ಇ.ಸಿ. 0.7ರ ಒಳಗಿದ್ದರೆ ಚಿಂತೆ ಇಲ್ಲ. 0.7ರಿಂದ 3ರವರೆಗೆ ಎಚ್ಚರಿಕೆಯಿಂದ ಬಳಸಬೇಕು. 3 ದಾಟಿದರೆ ಇಂಥ ಬೆಳೆಗೆ ಬೇಡ.

ಕಾರ್ಡಿನ ಅಂಕಿ, ಪುಸ್ತಕದ ಅಂಕಿ ಒಂದೇ ಅಲ್ಲ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. 2015ರಿಂದ ನಮಗೆ ಮಣ್ಣು ಆರೋಗ್ಯ ಕಾರ್ಡ್ ಕೊಡುತ್ತಿದ್ದಾರೆ. ಅದರಲ್ಲಿ ಇ.ಸಿ. ಕೂಡ ಇರುತ್ತದೆ. ಆದರೆ ಮೇಲೆ ಹೇಳಿದ 2.5, 1.7 ಎಲ್ಲ ಮಣ್ಣನ್ನು ನೀರಿನಲ್ಲಿ ಗಸಿಯ ಹಾಗೆ ಕಲಸಿ, ಅದರಿಂದ ತೆಗೆದ ರಸದ ಅಂಕಿ. ನಮ್ಮ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡು ಅಥವಾ ಎರಡೂವರೆ ಪಾಲು ನೀರು ಹಾಕಿ ಅಳೆಯುತ್ತಾರೆ. ನೀರು ಜಾಸ್ತಿ ಆದರೆ ಉಪ್ಪು ತೆಳ್ಳಗೆ ಕಾಣುತ್ತದೆ, ಸಾರಿಗೆ ನೀರು ಬೆರೆಸಿದ ಹಾಗೆ. ಬೇರಿಗೆ ತಗಲುವ ಉಪ್ಪು ಆ ಅಂಕಿಯ ಸುಮಾರು ಮೂರು ಪಟ್ಟೋ ಅದಕ್ಕಿಂತ ಹೆಚ್ಚೋ ಇರಬಹುದು. ಮರಳು ಮಣ್ಣಿನಲ್ಲಿ ಇನ್ನೂ ಹೆಚ್ಚು.

ಕಾರ್ಡಿನಲ್ಲಿ ಇ.ಸಿ. ಒಂದರ ಒಳಗಿದ್ದರೆ 'ಸಾಮಾನ್ಯ' ಅಂತ ಬರೆದಿರುತ್ತದೆ. ಆದರೆ 0.9 ಅಂತ ಇದ್ದರೆ ಗಸಿ ಲೆಕ್ಕದಲ್ಲಿ ಅದು 2.7 ದಾಟಿರಬಹುದು. ಸೌತೆಗೆ ಆಗಲೇ ಪೆಟ್ಟು ಶುರು. ಜೋಳಕ್ಕೆ ಸಾಮಾನ್ಯ ಅನ್ನುವುದು ಕಲ್ಲಂಗಡಿಗೆ ಸಾಮಾನ್ಯ ಅಲ್ಲ. ಪ್ರಯೋಗಾಲಯದವರನ್ನು ಯಾವ ಅಳತೆಯಲ್ಲಿ ನೋಡಿದಿರಿ ಅಂತ ಕೇಳಿ, ಬಳ್ಳಿ ಬೆಳೆಗೆ ಅಂತ ಹೇಳಿ ಸಲಹೆ ಪಡೆಯಿರಿ.

ಇನ್ನೊಂದು ವಿಷಯ. ಕಾರ್ಡಿನ ಯೋಜನೆಯಲ್ಲಿ ನೀರಾವರಿ ಜಮೀನಿಗೆ ಎರಡೂವರೆ ಹೆಕ್ಟೇರಿಗೆ ಒಂದು, ಖುಷ್ಕಿಗೆ ಹತ್ತು ಹೆಕ್ಟೇರಿಗೆ ಒಂದು ಮಾದರಿ ಅಂತ ಇಟ್ಟುಕೊಂಡು ಶುರು ಮಾಡಿದರು. ಹತ್ತು ಹೆಕ್ಟೇರ್ ಅಂದರೆ ಇಪ್ಪತ್ತೈದು ಎಕರೆ. ಪಕ್ಕದವರ ಮಣ್ಣಿನ ಅಂಕಿ ನಿಮ್ಮ ಕಾರ್ಡಿನಲ್ಲಿ ಇರಬಹುದು. ಹಾಗಾಗಿ ಬೇಸಿಗೆ ಬೆಳೆಗೆ ಬೇರೆಯೇ ಮಣ್ಣು ತೆಗೆಯಿರಿ. ಒಳ್ಳೆ ಜಾಗದ್ದು ಒಂದು, ಅನುಮಾನದ ಜಾಗದ್ದು ಇನ್ನೊಂದು. ಎರಡನ್ನೂ ಬೆರೆಸಬೇಡಿ. ಮೇಲಿನ ಆರು ಅಂಗುಲದ್ದು ಬೇರೆ, ಅದರ ಕೆಳಗಿನ ಆರು ಅಂಗುಲದ್ದು ಬೇರೆ. ನೀರನ್ನು ತೊಳೆದ ಬಾಟಲಿಯಲ್ಲಿ, ಮೋಟರು ಅರ್ಧ ಗಂಟೆ ಓಡಿದ ಮೇಲೆ ಹಿಡಿಯಿರಿ. ಮಳೆಗಾಲದಲ್ಲಿ ಒಮ್ಮೆ ನೋಡಿಸಿದ್ದರೂ ಬೇಸಿಗೆಯಲ್ಲಿ ಬೋರು ಇಳಿದಾಗ ಮತ್ತೆ ನೋಡಿಸಿ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೆ ಎಲ್ಲಿಗೆ ಕೊಡಬೇಕು ಅಂತ ಹೇಳುತ್ತಾರೆ. ಶಿವಮೊಗ್ಗದ ನವಿಲೆಯಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇದೆ.

ಮನೆಯಲ್ಲೇ ಮಾಡುವ ಎರಡು ಪರೀಕ್ಷೆ

ಮೊಳಕೆ ಪರೀಕ್ಷೆ: ದುಬಾರಿ ಹೈಬ್ರಿಡ್ ಬೀಜ ಬೇಡ, ಮನೆಯ ಸೌತೆ ಬೀಜ ಸಾಕು. ತೊಳೆದ ಮರಳು ತುಂಬಿದ ಎರಡು ತಟ್ಟೆ, ಒಂದೊಂದರಲ್ಲಿ ಇಪ್ಪತ್ತು ಬೀಜ. ಒಂದಕ್ಕೆ ಹಿಡಿದಿಟ್ಟ ಮಳೆನೀರು ಇಲ್ಲವೇ ಚಾನಲ್ ನೀರು, ಇನ್ನೊಂದಕ್ಕೆ ಬೋರಿನ ನೀರು. ಹತ್ತು ದಿನ ನೋಡಿ ಎಣಿಸಿ. ಬೋರಿನ ತಟ್ಟೆಯಲ್ಲಿ ನಾಲ್ಕೈದು ಕಡಿಮೆ ಹುಟ್ಟಿದರೆ, ತಡವಾಗಿ ಹುಟ್ಟಿದರೆ, ನೀರನ್ನು ಪ್ರಯೋಗಾಲಯಕ್ಕೆ ಕೊಡದೆ ಮುಂದೆ ಹೋಗಬೇಡಿ.

ಬಾಟಲಿ ಪರೀಕ್ಷೆ: ಗಾಜಿನ ಬಾಟಲಿಗೆ ಒಂದು ಹಿಡಿ ಮಣ್ಣು, ಮುಕ್ಕಾಲು ಮಳೆನೀರು ಹಾಕಿ ಕುಲುಕಿ ಇಡಿ. ಮಾರನೆ ದಿನವೂ ನೀರು ಕದಡಿಕೊಂಡೇ ಇದ್ದರೆ ಕ್ಷಾರದ ಅನುಮಾನ. ತಿಳಿಯಾಗಿದ್ದರೆ ಕ್ಷಾರ ಇಲ್ಲ ಅನ್ನಬಹುದು, ಆದರೆ ಉಪ್ಪು ಇಲ್ಲ ಅನ್ನಲು ಬರುವುದಿಲ್ಲ. ಚೌಳು ಮಣ್ಣೂ ಬೇಗ ತಿಳಿಯಾಗುತ್ತದೆ.

ಬೋರಿನ ನೀರು ಕಾಯಿಸಿದಾಗ ಪಾತ್ರೆಗೆ ಬಿಳಿ ಹಿಡಿಯುತ್ತದೆ ಅಂತ ಹೆದರುವವರಿದ್ದಾರೆ. ಅದು ಹೆಚ್ಚಾಗಿ ಸುಣ್ಣದ ಅಂಶ, ಅದನ್ನು ನೋಡಿ ಉಪ್ಪಿನ ತೀರ್ಮಾನ ಮಾಡಲಾಗದು.

ಉಪ್ಪು ಸ್ವಲ್ಪ ಇದ್ದರೆ ಬೆಳೆಯುವ ಕ್ರಮ

ಅಂಕಿ ಮಧ್ಯದಲ್ಲಿದ್ದರೆ ಬೆಳೆಯಬಹುದು, ಹೀಗೆ:

ಬೀಜಕ್ಕೆ ಒಳ್ಳೆ ನೀರು. ಸಸಿಗೇ ಉಪ್ಪಿನ ಪೆಟ್ಟು ಜಾಸ್ತಿ. ಚಾನಲ್ ನೀರು ಬರುವವರು ಮೊದಲ ಮೂರು ವಾರ ಅದನ್ನೇ ಕೊಟ್ಟು, ಬಳ್ಳಿ ಬಲಿತ ಮೇಲೆ ಬೋರಿನದು ಕೊಡಬಹುದು. ಎರಡನ್ನೂ ಹೊಂಡದಲ್ಲಿ ಬೆರೆಸಲೂಬಹುದು. 0.3ರ ನೀರು, 2.1ರ ನೀರು ಸಮ ಸಮ ಬೆರೆಸಿದರೆ 1.2 ಆಗುತ್ತದೆ.

ಬೀಜದ ಜಾಗ. ಸಾಲಿನಲ್ಲಿ ನೀರು ಹಾಯಿಸಿದರೆ ಉಪ್ಪು ಏರಿಯ ನೆತ್ತಿಗೆ ಹತ್ತಿ ಕೂರುತ್ತದೆ. ಬೀಜ ನೆತ್ತಿಯಲ್ಲಿ ಬೇಡ, ಇಳಿಜಾರಿನಲ್ಲಿ ಊರಿ.

ಡ್ರಿಪ್ ವಿಚಾರ. ಡ್ರಿಪ್ಪಿನಲ್ಲಿ ಉಪ್ಪು ಮಾಯವಾಗುವುದಿಲ್ಲ, ಹಸಿಯ ಅಂಚಿಗೆ ತಳ್ಳಲ್ಪಡುತ್ತದೆ. ಹನಿ ಬೀಳುವಲ್ಲಿ ಬೇರು ಸುಖವಾಗಿರುತ್ತದೆ. ಆದ್ದರಿಂದ ನಾಲ್ಕು ದಿನ ಬಿಟ್ಟು ಒಮ್ಮೆಗೇ ಕೊಡುವ ಬದಲು ಸ್ವಲ್ಪ ಸ್ವಲ್ಪ ದಿನವೂ ಕೊಡಿ. ಒಣಗಲು ಬಿಟ್ಟರೆ ಅಂಚಿನ ಉಪ್ಪು ಒಳಗೆ ಬರುತ್ತದೆ.

ಮೊದಲ ಮಳೆ. ಏಪ್ರಿಲ್, ಮೇ ತಿಂಗಳ ಸಣ್ಣ ಮಳೆಗೆ ಖುಷಿಯಾಗಿ ಡ್ರಿಪ್ ನಿಲ್ಲಿಸಬೇಡಿ. ಆ ಮಳೆ ಮೇಲಿನ, ಅಂಚಿನ ಉಪ್ಪನ್ನು ಕರಗಿಸಿ ಬೇರಿಗೆ ತರುತ್ತದೆ, ಅಷ್ಟನ್ನೇ ಮಾಡಿ ನಿಲ್ಲುತ್ತದೆ. ಮಳೆ ಬರುವಾಗಲೂ ಡ್ರಿಪ್ ಓಡಿಸಿ, ಜೋರು ಮಳೆಯಾಗಿ ಒಂದೆರಡು ಅಂಗುಲ ಇಂಗಿದ ಮೇಲೆ ನಿಲ್ಲಿಸಿ. ಕಾಯಿ ಬಲಿಯುವ ಹೊತ್ತಿಗೆ ಇದೊಂದನ್ನು ನೆನಪಿಟ್ಟರೆ ಬೆಳೆ ಉಳಿಯುತ್ತದೆ.

ಹೊದಿಕೆ. ಶೀಟ್ ಇರಲಿ, ಮೆಕ್ಕೆಜೋಳದ ದಂಟು, ಹುಲ್ಲು ಇರಲಿ, ನೀರು ಆರುವುದು ಕಡಿಮೆಯಾದರೆ ಉಪ್ಪು ಮೇಲೇರುವುದೂ ಕಡಿಮೆ.

ಸ್ವಲ್ಪ ಹೆಚ್ಚು ನೀರು. ನೀರಿನ ಇ.ಸಿ. ಒಂದೂವರೆ ಇದ್ದು, ಮಣ್ಣಿನದನ್ನು 2.5ರ ಒಳಗೆ ಇಡಬೇಕಾದರೆ ಕೊಡುವ ನೀರಿನ ಏಳರಲ್ಲಿ ಒಂದು ಪಾಲು ಬೇರಿನ ಕೆಳಗೆ ಇಳಿದು ಹೋಗಬೇಕು. ಕೆಳಗೆ ಬಸಿಯುವ ಮಣ್ಣಿದ್ದರೆ ಮಾತ್ರ ಇದು. ಉತ್ತರ ದೇಶದಲ್ಲಿ ಯಮುನಾ, ಗಂಗಾ ನದಿಯ ಮರಳಿನಲ್ಲಿ ಕಲ್ಲಂಗಡಿ, ಕರಬೂಜ ಬೆಳೆಯುತ್ತಾರೆ. ಈ ಬೆಳೆಗೆ ಬಸಿಯುವ ನೆಲವೇ ಒಗ್ಗುವುದು.

ಗೊಬ್ಬರ. ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ ಕ್ಲೋರೈಡ್ ಇದೆ, ಚೌಳಿದ್ದಲ್ಲಿ ಸಲ್ಫೇಟ್ ಆಫ್ ಪೊಟ್ಯಾಷ್ ವಾಸಿ. ರಸಗೊಬ್ಬರ ಒಮ್ಮೆಗೇ ಬೇಡ, ಕಂತಿನಲ್ಲಿ ಕೊಡಿ. ಕೋಳಿಗೊಬ್ಬರ ಚೆನ್ನಾಗಿ ಕಳಿತಿರಬೇಕು. ಕೊಟ್ಟಿಗೆ ಗೊಬ್ಬರಕ್ಕೆ ಸಾಟಿ ಇಲ್ಲ, ಮಣ್ಣು ಸಡಿಲವಾಗಿ ನೀರು ಇಳಿಯುತ್ತದೆ.

ಬೆಳೆ ಮುಗಿದ ಮೇಲೆ

ಬಳ್ಳಿ ಕಿತ್ತು ಹಾಕಿ ಹೊಲ ಮರೆಯಬೇಡಿ. ಬೇಸಿಗೆಯಲ್ಲಿ ಸೇರಿದ ಉಪ್ಪನ್ನು ಮಳೆಗಾಲದಲ್ಲಿ ಹೊರಗೆ ಕಳಿಸಬೇಕು. ಒಂದು ಅಡಿ ಮಣ್ಣಿನ ಮೂಲಕ ಒಂದು ಅಡಿ ಒಳ್ಳೆ ನೀರು ಇಳಿದು ಹೋದರೆ ಅದರಲ್ಲಿನ ಉಪ್ಪು ಮುಕ್ಕಾಲು ಪಾಲಿನಷ್ಟು ಹೋಗುತ್ತದೆ ಅನ್ನುವುದು ಸಾಮಾನ್ಯ ಲೆಕ್ಕ. ಜಿಗುಟು ಮಣ್ಣಿನಲ್ಲಿ ಕಡಿಮೆ. ಅಷ್ಟು ಒಳ್ಳೆ ನೀರು ನಮ್ಮ ಬೋರಿನಲ್ಲಿಲ್ಲ, ಮಳೆಯಲ್ಲಿದೆ. ಉತ್ತು, ಸುತ್ತ ಬದು ಹಾಕಿ, ಆಷಾಢ ಶ್ರಾವಣದ ಮಳೆ ಹರಿದು ಹೋಗದ ಹಾಗೆ ನಿಲ್ಲಿಸಿ ಇಂಗಿಸಿ. ಕೆಳಬದಿಯಲ್ಲಿ ಮೂರು ನಾಲ್ಕು ಅಡಿ ಆಳದ ಬಸಿಗಾಲುವೆ ತೆಗೆದು ಹಳ್ಳಕ್ಕೆ ಸೇರಿಸಿ. ಪಕ್ಕದ ಹೊಲದವರನ್ನು ಕೇಳಿಯೇ ತೆಗೆಯಿರಿ. ನಮ್ಮ ಉಪ್ಪು ಅವರ ಹೊಲಕ್ಕೆ ಹೋದರೆ ಏನು ಬಂತು? ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೆಲದಡಿ ತೂತಿನ ಪೈಪು ಹೂತು ಬಸಿಯುವುದೂ ಇದೆ. ಅದು ಒಬ್ಬರ ಕೈಯಲ್ಲಿ ಆಗುವುದಲ್ಲ, ಹತ್ತು ಜನ ಸೇರಬೇಕು.

ಕ್ಷಾರ ಮಣ್ಣಿಗೆ ಮಾತ್ರ ಜಿಪ್ಸಂ. ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ, ಬಿಡಿಸಿಕೊಂಡ ಸೋಡಿಯಂ ನೀರಿನ ಜೊತೆ ಇಳಿದು ಹೋಗಬೇಕು. ಎಷ್ಟು ಹಾಕಬೇಕು ಅಂತ ಪರೀಕ್ಷೆ ಮಾಡಿಯೇ ಹೇಳುತ್ತಾರೆ. ಬರೀ ಚೌಳಿಗೆ ಜಿಪ್ಸಂ ಹಾಕಿದರೆ ಉಪ್ಪಿನ ಮೇಲೆ ಇನ್ನೊಂದು ಲವಣ ಹಾಕಿದ ಹಾಗೆ. ಡಯಾಂಚ ಬಿತ್ತಿ ಹೂವಿಗೆ ಮೊದಲು ಮಣ್ಣಿಗೆ ಸೇರಿಸುವುದು ಎರಡಕ್ಕೂ ಒಳ್ಳೆಯದು, ಅದು ಉಪ್ಪನ್ನು ಚೆನ್ನಾಗಿ ತಡೆಯುತ್ತದೆ.

ಚೌಳು ಹೋಗುವ ಪುಡಿ, ದ್ರಾವಣ ಅಂತ ಮಾರಲು ಬರುವವರನ್ನು ಒಂದೇ ಪ್ರಶ್ನೆ ಕೇಳಿ: 'ಹೊಲದಲ್ಲಿರುವ ಹತ್ತು ಕ್ವಿಂಟಾಲ್ ಲವಣ ನಿಮ್ಮ ಔಷಧಿ ಹಾಕಿದ ಮೇಲೆ ಎಲ್ಲಿಗೆ ಹೋಗುತ್ತೆ?' ಉಪ್ಪು ಸಾಯುವುದಿಲ್ಲ, ಸುಡುವುದಿಲ್ಲ. ನೀರಿನ ಜೊತೆ ಬಂದದ್ದು ನೀರಿನ ಜೊತೆಯೇ ಹೋಗಬೇಕು.

ಹಣ ಹಾಕುವ ಮೊದಲು

1. ನೀರಿನ ಇ.ಸಿ. ಬೇಸಿಗೆಯದು ಕೈಯಲ್ಲಿದೆಯಾ?

2. ಅನುಮಾನದ ಮೂಲೆಯ ಮಣ್ಣು ಬೇರೆಯಾಗಿ ನೋಡಿಸಿದ್ದೀರಾ? ಯಾವ ಅಳತೆ ಅಂತ ಕೇಳಿದ್ದೀರಾ?

3. ಹೊಲದ ನೀರು ಬಸಿದು ಹೋಗುವ ದಾರಿ ಎಲ್ಲಿದೆ?

4. ಹೋದ ವರ್ಷ ಬೇಸಿಗೆ ಬೆಳೆ ಆದ ಮೇಲೆ ಮಳೆ ನೀರು ನಿಲ್ಲಿಸಿ ಇಂಗಿಸಿದ್ದರಾ?

5. ಗುತ್ತಿಗೆ ಹೊಲವಾದರೆ ಬದು, ಬಸಿಗಾಲುವೆ ಯಾರು ಮಾಡಬೇಕು ಅನ್ನುವುದು ಮಾತಾಗಿದೆಯಾ?

ಐದಕ್ಕೂ ಉತ್ತರ ಇದ್ದರೆ ಬೀಜ ತನ್ನಿ. ಎರಡಕ್ಕೆ ಉತ್ತರ ಇಲ್ಲದಿದ್ದರೆ ಈ ವರ್ಷ ಐದು ಗುಂಟೆಯಲ್ಲಿ ಮಾತ್ರ ಹಾಕಿ ನೋಡಿ. ಮೂರಕ್ಕೂ ಉತ್ತರ ಇಲ್ಲದಿದ್ದರೆ ಜೋಳ ಬಿತ್ತಿ, ದನಕ್ಕೆ ಮೇವಾದರೂ ಆಗುತ್ತದೆ. ಅಷ್ಟರಲ್ಲಿ ಬಸಿಗಾಲುವೆ ತೆಗೆಯಲು ಒಂದು ಮಳೆಗಾಲ ಸಿಗುತ್ತದೆ.